ಮೇಷ್ಟ್ರ ಬೆನ್ನು, ನನ್ನ ಕಂಬಳಿ

ಮೊನ್ನೆ ತುಮಕೂರಿನ ಅಂಗಡಿಯೊಂದರಲ್ಲಿ ಕರಿ ಕಂಬಳಿಯನ್ನು ಮೂಸಿ ನೋಡಿದೆ. ಅಂಗಡಿಯವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಉಣ್ಣೆಯ ಆ ಕಮಟು ವಾಸನೆಗೆ ಗುಬ್ಬಿಯ ನಮ್ಮ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನೆನಪಾದರು...

ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ತುಮಕೂರಿನಲ್ಲಿ ಬಿ.ಎ. ಓದುವ ನೆಪದಲ್ಲಿ ಊರವರನ್ನೆಲ್ಲ ಅಣಕಿಸಿಕೊಂಡಿದ್ದೆ. ಮೇಷ್ಟ್ರ ಮೈಮೇಲೆ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು. ಬಿಸಿಲಿಗೆ ನಿಂತರೆ ಮುಖ ಕೆಂಪಾಗಿ, ಕೆರೆತ ಶುರುವಾಗುತ್ತಿತ್ತು. ನಾನು ಉಸಿರುಕಟ್ಟಿ ಮುಖ ಕೆಂಪು ಮಾಡಿ, ಕತ್ತು ಕೆರೆಯುತ್ತಾ "ಸಾವ್‌ಧಾನ್" ಎಂದು ಕೂಗುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಒಂದು ಭಾನುವಾರ ಕುಣಿಗಲ್ಲಿನ ಮದುವೆಯಿಂದ ಬಂದ ಮೇಷ್ಟ್ರಿಗೆ ಮೈಯೆಲ್ಲ ಗಂಧೆ ಎದ್ದಿತು. ಪಿತ್ತದ ಗಂಧೆಗೆ ನಮ್ಮಲ್ಲಿ ಕಂಬಳಿಯಿಂದ ಮೈ ಉಜ್ಜುತ್ತಾರೆ. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. "ಬಾರೋ, ಬರೀ ಬಾಯಿಗೇ ಕೆಲ್ಸ ಕೊಡ್ತೀಯ, ಕೈಗೂ ಒಸಿ ಕೊಡು" ಎಂದು ಕಂಬಳಿ ಕೊಟ್ಟರು. ಮೈಮೇಲೆ ದೇವರು ಬಂದ ಪೂಜಾರಿಯಂತೆ ಹೂಂಕರಿಸುತ್ತಾ ಉಜ್ಜಿದೆ. ಮೇಷ್ಟ್ರು ನಕ್ಕರು. ಉಜ್ಜಿದಷ್ಟೂ ಚುಕ್ಕೆಗಳು ಉಬ್ಬಿದವು. ಇನ್ನೂ ಜೋರಾಗಿ ಉಜ್ಜಿದೆ. ನಗು ನಿಂತಿತು. ಮೇಷ್ಟ್ರು ಪಕ್ಕಕ್ಕೆ ವಾಲಿದರು, ಕೈಕಾಲು ತಣ್ಣಗೆ...

ತುಮಕೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ರಕ್ತ ಪರೀಕ್ಷೆ ಮಾಡಿದವರು ಬೆಂಗಳೂರಿಗೆ ಕಳಿಸಿದರು. ಮಾಸ್ಟ್ ಅನ್ನುವ ಜೀವಕಣಗಳು ಚರ್ಮದಲ್ಲೂ ಮೂಳೆಯ ಮಜ್ಜೆಯಲ್ಲೂ ಮಿತಿಮೀರಿವೆ, ಉಜ್ಜಿದರೆ ಕೆರಳುತ್ತವೆ, ಜೊತೆಗೆ ರಕ್ತದ ಕ್ಯಾನ್ಸರೂ ಇದೆ ಎಂದರು ಅಲ್ಲಿನ ಡಾಕ್ಟರು. ಇವೆರಡೂ ಒಟ್ಟಿಗೆ ಬರುವುದು ತೀರಾ ಅಪರೂಪವಂತೆ.

"ನಾನು ಉಜ್ಜಿದ್ದಕ್ಕೇ ಕ್ಯಾನ್ಸರ್ ಬಂತಾ ಸಾರ್?"

ಇಲ್ಲ ಎಂದರು. ನಾನು ನಂಬಲಿಲ್ಲ.

ಮಂಚದ ಮೇಲಿಂದ ಮೇಷ್ಟ್ರು ಕರೆದರು. "ಏನ್ಲಾ, ಒಂದ್ ಕಂಬ್ಳೀಲಿ ಎಲ್ಡ್ ಕಾಯ್ಲೆ ತರ್ಸಕೆ ನೀನೇನ್ ಮಾಟಗಾರನಾ? ಅಷ್ಟೊಂದ್ ಜಂಬ ಬ್ಯಾಡ ಬುಡು. ಎಲ್ಲಿ, ನನ್ ಅಣಕ ಒಂದ್ಸಲ ಮಾಡು."

ಮಾಡಿದೆ. "ಸಾವ್‌ಧಾನ್" ಅರ್ಧಕ್ಕೇ ನಿಂತಿತು.

"ದನಿ ಏಳ್ಲಿಲ್ಲ ಕಣ್ಲಾ" ಎಂದರು.

ಮೂರು ತಿಂಗಳಿಗೆ ಹೋಗಿಬಿಟ್ಟರು. ಆಮೇಲೆ ಮನೆಗೆ ಹೋದಾಗಲೆಲ್ಲ ಅಕ್ಕ "ಅವ್ರದ್ ಮಾಡೋ" ಅನ್ನುತ್ತಿದ್ದರು. ಮಾಡಿದರೆ "ಕೆರ್ಕೊತಿದ್ದಿದ್ದು ಎಡಗೈಲಿ ಕಣೋ" ಎಂದು ತಿದ್ದುತ್ತಿದ್ದರು, ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಹೋದ ವರ್ಷ ಅಕ್ಕನೂ ತೀರಿಕೊಂಡರು. ಈಗಲೂ ಹಳೆಯ ಆಫೀಸಿನ ಗೆಳೆಯರ ಮುಂದೆ ಮೇಷ್ಟ್ರನ್ನು ಮಾಡುತ್ತೇನೆ. ಚೆನ್ನಾಗಿದೆ ಅನ್ನುತ್ತಾರೆ. ಯಾವ ಕೈಲಿ ಕೆರೆದರೂ ಚೆನ್ನಾಗಿದೆ ಅನ್ನುತ್ತಾರೆ...