ರಾಕೆಟ್ ಬ್ಯಾನರ್ ಕೆಳಗೆ ಸೊಳ್ಳೆ ಮೇಡಂ

ದೆಹಲಿಯ ಜನಕಪುರಿಯಲ್ಲಿ ಕನ್ನಡ ಮಕ್ಕಳ ಭಾನುವಾರದ ತರಗತಿ ನಡೆಸುವ ವೆಂಕಟಸುಬ್ಬಯ್ಯನವರು 'ವಿಜ್ಞಾನದಲ್ಲಿ ಮಹಿಳೆಯರು' ಎಂಬ ಕಾರ್ಯಕ್ರಮಕ್ಕೆ ಕರೆದಾಗ ನಾನು ಬೇಡ ಎನ್ನಲಿಲ್ಲ. ಬೇಡ ಎಂದು ಬಿಂಕ ತೋರಿಸುವಷ್ಟು ಜನ ನನ್ನನ್ನು ಕರೆಯುವುದಿಲ್ಲ. ನಾನು ರತ್ನಪ್ರಭಾ, ತುಮಕೂರಿನವಳು. ಈಗ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದೇನೆ. ದೆಹಲಿಯ ಒಂದು ಮಲೇರಿಯಾ ಲ್ಯಾಬಿನಲ್ಲಿ ಸೊಳ್ಳೆ ಹಿಡಿದು, ಸೊಳ್ಳೆ ಸಾಕಿ, ಸೊಳ್ಳೆ ಕೈಲಿ ಕಚ್ಚಿಸಿಕೊಂಡು ನಿವೃತ್ತಳಾದವಳು.

ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಬೆಳಕು ಹರಿಯುವ ಮುಂಚೆ ಹಳ್ಳಿಯ ದನದ ಕೊಟ್ಟಿಗೆಗೆ ನುಗ್ಗಿ, ಗೋಡೆಗೆ ಕೂತ ಸೊಳ್ಳೆಯ ಹತ್ತಿರ ಗಾಜಿನ ಕೊಳವೆ ಹಿಡಿಯಬೇಕು. ಅದಕ್ಕೆ ಸಿಕ್ಕಿಸಿದ ರಬ್ಬರ್ ಪೈಪನ್ನು ಬಾಯಲ್ಲಿಟ್ಟು ಸೊರ್ರನೆ ಉಸಿರೆಳೆದರೆ ಸೊಳ್ಳೆ ಗಾಜಿನೊಳಗೆ ಬರುತ್ತದೆ. ನಡುವೆ ಬಲೆಬಟ್ಟೆ ಇರುವುದರಿಂದ ಬಾಯಿಗೆ ಬರುವುದಿಲ್ಲ. ಬಟ್ಟೆ ಹರಿದ ದಿನ ಬಂದಿದೆ. ರುಚಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ. ಹಳ್ಳಿಯ ಹೆಂಗಸರು ನನಗೆ 'ಮಚ್ಛರ್‌ವಾಲಿ ಮೇಡಂ', ಅಂದರೆ ಸೊಳ್ಳೆ ಮೇಡಂ, ಎಂದು ಹೆಸರಿಟ್ಟಿದ್ದರು. ನಾನು ಹಿಡಿದ ಸೊಳ್ಳೆಗಳು ಸರ್ಕಾರ ಸಿಂಪಡಿಸುತ್ತಿದ್ದ ಮದ್ದಿಗೆ ಸಾಯದೆ ಮಾರನೆಯ ದಿನವೂ ಆರಾಮಾಗಿ ಹಾರಾಡಿಕೊಂಡಿದ್ದವು. ಮೇಲಿನವರ ತಲೆ ತಿಂದು ತಿಂದು ಕೊನೆಗೆ ಆ ಊರುಗಳ ಮದ್ದನ್ನೇ ಬದಲಾಯಿಸುವಂತೆ ಮಾಡಿದೆ. ಜ್ವರ ಇಳಿಯಿತು. ನನ್ನ ಸಾಧನೆ ಎಂದರೆ ಅಷ್ಟೇ.

ಇದನ್ನೆಲ್ಲ ಫೋನಿನಲ್ಲಿ ಹೇಳುವ ಮೊದಲೇ ವೆಂಕಟಸುಬ್ಬಯ್ಯನವರು, "ಕರ್ನಾಟಕದ ವಿಜ್ಞಾನಿ ಅಂದ್ಮೇಲೆ ರಾಕೆಟ್ಟೇ ಅಲ್ವಾ ಮೇಡಂ!" ಎಂದು ನಗುತ್ತಾ ಫೋನ್ ಇಟ್ಟರು. ಮಾರನೆಯ ದಿನ ವಾಟ್ಸಾಪಿನಲ್ಲಿ ಬ್ಯಾನರ್ ಬಂತು. ಎಡಗಡೆ ಬೆಂಕಿ ಉಗುಳುವ ರಾಕೆಟ್, ಬಲಗಡೆ ರೇಷ್ಮೆ ಸೀರೆಯ ನಾನು. ತಕ್ಷಣ ತಿದ್ದಬೇಕಿತ್ತು. ಆದರೆ ಸತ್ಯ ಹೇಳುತ್ತೇನೆ, ರಾಕೆಟ್ ಪಕ್ಕ ನಾನು ಚೆನ್ನಾಗಿ ಕಾಣುತ್ತಿದ್ದೆ.

ತಿದ್ದದಿರಲು ಇನ್ನೊಂದು ಕಾರಣವಿತ್ತು: ಎಂಟನೇ ಕ್ಲಾಸಿನ ಮೊಮ್ಮಗಳು ಹಂಸಿನಿ. ಚಿಕ್ಕವಳಿದ್ದಾಗ ಭೂತಗನ್ನಡಿ ಹಿಡಿದು ನನ್ನ ಜೊತೆ ಸೊಳ್ಳೆ ನೋಡುತ್ತಿದ್ದಳು. ಗಂಡು ಸೊಳ್ಳೆಗೆ ಪೊದೆ ಮೀಸೆ, ಹೆಣ್ಣಿಗೆ ಸಣ್ಣ ಮೀಸೆ ಎಂದೆಲ್ಲ ಕಲಿತಿದ್ದಳು. ಅದನ್ನು ಸ್ಕೂಲಿನಲ್ಲಿ ಹೆಮ್ಮೆಯಿಂದ ಹೇಳಿ ಕೆಟ್ಟಳು. ಅಂದಿನಿಂದ ಅಲ್ಲಿ ಅವಳ ಹೆಸರೇ ಮಚ್ಛರ್. ಆಮೇಲೆ ಭೂತಗನ್ನಡಿ ಮುಟ್ಟಲಿಲ್ಲ.

ಆ ಭಾನುವಾರ ಮೆಟ್ರೋದಲ್ಲಿ ಹಂಸಿನಿ ನನ್ನ ಕೈ ಹಿಡಿದುಕೊಂಡಳು. "ಅಜ್ಜಿ, ಪ್ಲೀಸ್, ಸೊಳ್ಳೆ ಬಗ್ಗೆ ಬಿಲ್ಕುಲ್ ಬೇಡ. ಅಲ್ಲೂ ಮಜಾಕ್ ಶುರು ಆದ್ರೆ ನಾನು ಕನ್ನಡ ಕ್ಲಾಸಿಗೆ ಬರಲ್ಲ. ಆ ಪೈಪ್ ತಂದಿಲ್ಲ ತಾನೆ?"

"ಇಲ್ವೇ ಇಲ್ಲ ಪುಟ್ಟಿ, ಸೊಳ್ಳೆ ಮಾತೂ ಎತ್ತಲ್ಲ," ಎಂದೆ. ಪೈಪ್ ಬ್ಯಾಗಿನಲ್ಲಿ ಕನ್ನಡಕದ ಡಬ್ಬಿಯ ಪಕ್ಕದಲ್ಲೇ ಇತ್ತು. ಅದಿಲ್ಲದೆ ಮನೆ ಬಿಟ್ಟರೆ ಕರವಸ್ತ್ರ ಮರೆತ ಹಾಗಾಗುತ್ತದೆ.

ವೇದಿಕೆಯಲ್ಲಿ ರಾಕೆಟ್ ಬ್ಯಾನರ್ ಕೆಳಗೆ ನಿಂತು ಮಹಿಳೆ, ವಿಜ್ಞಾನ, ಪರಿಶ್ರಮ, ಛಲ ಎಂದು ದೊಡ್ಡ ದೊಡ್ಡ ಮಾತು ಶುರುಮಾಡಿದೆ. ನನಗೇ ಆಕಳಿಕೆ ಬರುವಂತಿತ್ತು. ಮಕ್ಕಳು ಧಾರಾಳವಾಗಿ ಆಕಳಿಸಿದರು. ಮುಂದಿನ ಸಾಲಿನಲ್ಲಿ ಹಂಸಿನಿ ಮಾತ್ರ ನೆಮ್ಮದಿಯಾಗಿ ಕೂತಿದ್ದಳು.

ಅಷ್ಟರಲ್ಲಿ ಕಪ್ಪು ಬಿಳುಪು ಪಟ್ಟೆ ಕಾಲಿನ ಸೊಳ್ಳೆಯೊಂದು ಹಾರಿ ಬಂದು ಮೈಕಿನ ಮೇಲೆ ಕೂತಿತು. ವೆಂಕಟಸುಬ್ಬಯ್ಯನವರು ಹೊಡೆಯಲು ಕೈ ಎತ್ತಿದರು.

"ಹೊಡೀಬೇಡಿ!" ಎಂದು ಕಿರುಚಿಬಿಟ್ಟೆ. ಪೈಪ್ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. ಸೊರ್ರೆಂದ ಸದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಗಾಜಿನ ಕೊಳವೆ ಎತ್ತಿ ಹಿಡಿದು, "ನೋಡಿ ಮಕ್ಕಳೇ, ಡೆಂಗಿ ಹರಡೋ ಸೊಳ್ಳೆ. ಹೆಣ್ಣು! ಕಚ್ಚೋದು ಇದೇ!" ಎಂದು ಘೋಷಿಸಿದೆ.

ಹಿಂದಿನಿಂದ ಒಬ್ಬ, "ಅರೇ, ಹಂಸಿನಿ ಕೀ ದಾದಿ ಮಚ್ಛರ್ ಪಕಡ್‌ತೀ ಹೈ!" ಎಂದ, ಹಂಸಿನಿಯ ಅಜ್ಜಿ ಸೊಳ್ಳೆ ಹಿಡೀತಾಳೆ ಎಂದು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಹಂಸಿನಿಯ ಮುಖ ಕೆಂಪಾಯಿತು. ಮಗುವಿಗೆ ಕೊಟ್ಟ ಒಂದು ಮಾತನ್ನೂ ಉಳಿಸಿಕೊಳ್ಳಲಾಗದ ಮುದುಕಿ ನಾನು.

ಹಂಸಿನಿ ಎದ್ದಳು. ಬಾಗಿಲ ಕಡೆ ಹೊರಟಳೆಂದುಕೊಂಡೆ. ನೇರ ವೇದಿಕೆಗೆ ಬಂದು ನನ್ನ ಕೈಯಿಂದ ಕೊಳವೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಮೈಕಿಗೆ ಬಾಗಿದಳು.

"ಅಜ್ಜಿ, ಇದು ಗಂಡು. ಮೀಸೆ ನೋಡು, ಕಿತ್ನೀ ಘನೀ, ಪೊದೆ ಥರ ಇದೆ. ಇದು ಕಚ್ಚೋದೇ ಇಲ್ಲ."

ಕನ್ನಡಕ ಏರಿಸಿ ನೋಡಿದೆ. ಗಂಡೇ. ಪೊರೆ ಬಂದ ಕಣ್ಣನ್ನು ನಂಬಿ ಜೀವಮಾನದ ವಿದ್ಯೆಯನ್ನು ರಾಕೆಟ್ ಕೆಳಗೆ ಹರಾಜು ಹಾಕಿದ್ದೆ. ಸಭೆ ಮತ್ತೆ ನಕ್ಕಿತು. ಈ ಸಲ ನಕ್ಕದ್ದು ನನ್ನನ್ನು ನೋಡಿ, ಅವಳನ್ನಲ್ಲ. ನನಗೆ ಅಷ್ಟು ಸಂತೋಷ ಲ್ಯಾಬಿನಲ್ಲೂ ಆಗಿರಲಿಲ್ಲ.

ಆಮೇಲೆ ಯಾರೂ ನನ್ನ ಭಾಷಣ ಕೇಳಲಿಲ್ಲ. ಮೀಸೆ ನೋಡಲು ಮಕ್ಕಳು ವೇದಿಕೆಗೆ ಮುಗಿಬಿದ್ದರು. ಹಂಸಿನಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ದನದ ಕೊಟ್ಟಿಗೆ, ಸಾಯದ ಸೊಳ್ಳೆ, ಬದಲಾದ ಮದ್ದು ಎಲ್ಲವನ್ನೂ ಹೇಳಿದಳು. ಅವಳು ಇಷ್ಟೆಲ್ಲ ಕೇಳಿಸಿಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ, "ಪೈಪ್ ಕೊಡು, ಬ್ಯಾಗಲ್ಲಿ ಇಡ್ತೀನಿ," ಎಂದೆ.

ಅವಳು ಕೊಡಲಿಲ್ಲ. "ನನ್ ಹತ್ರ ಇರಲಿ ಅಜ್ಜಿ. ನಾಳೆ ಸ್ಕೂಲಿಗೆ ಬೇಕು."