ಈರುಳ್ಳಿ ಸೊಪ್ಪಲ್ಲದ ಸೊಪ್ಪು

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಬಂದ ಶನಿವಾರ. ಮಂಡ್ಯದಿಂದ ನಮ್ಮ ಅತ್ತೆ ಆಗಷ್ಟೇ ಕಡಲು ದಾಟಿ ಸ್ಯಾನ್ ಮಟಿಯೋದ ನಮ್ಮ ಮನೆಗೆ ಬಂದಿದ್ದರು. ದಿನಾ ಬೆಳಿಗ್ಗೆ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ಅಜ್ಜಿಯರ ಜೊತೆ ಹಳ್ಳದ ಪಕ್ಕ ವಾಕಿಂಗು. ಅಲ್ಲಿ ಕಾಡು ಈರುಳ್ಳಿ ಬೆಳೆಯುತ್ತದೆ, ತಿನ್ನಬಹುದು ಎಂದು ಯಾರೋ ಹೇಳಿದ್ದರಂತೆ. ಸುಳ್ಳೇನಲ್ಲ. ಅಂದು ಎಲ್ಲರೂ ಕೊಯ್ದರು. ಅತ್ತೆ ಒಂದು ಚೀಲ ತಂದು, ಬೇಳೆ ಹಾಕಿ ಪಲ್ಯ ಮಾಡಿಯೇಬಿಟ್ಟರು.

ಶನಿವಾರ ಅವರು ಈರುಳ್ಳಿ ತಿನ್ನುವುದಿಲ್ಲ. ಹಾಗಾಗಿ "ಉಪ್ಪು ಸರಿಯಾಗೈತಾ ನೋಡವ್ವ" ಎಂದು ನನ್ನ ಅಂಗೈಗೆ ಒಂಚೂರು ಹಾಕಿದರು. ಬಾಯಿಗಿಟ್ಟರೆ ಕಹಿ. ಸಿಂಕಿಗೆ ಓಡಿ ಉಗಿದೆ. ಊಟಕ್ಕೆ ಕೂತಿದ್ದ ನನ್ನ ಗಂಡನ ತಟ್ಟೆಯನ್ನೂ ಎತ್ತಿಟ್ಟೆ.

ಅತ್ತೆಗೆ ಕೋಪ ಬಂತು. "ಹುಟ್ದಾಗ್ಲಿಂದ ಸೊಪ್ಪು ಕುಯ್ದಿರೋಳು ನಾನು. ಈರುಳ್ಳಿ ಗುರ್ತು ಸಿಗಕಿಲ್ವಾ ನಂಗೆ?"

"ಇರ್ಬೋದು ಅತ್ತೆ. ಆದ್ರೆ ಇದೇನು ಅಂತ ಗೊತ್ತಾಗೋವರ್ಗೂ ಯಾರೂ ತಿನ್ನೋದು ಬೇಡ" ಎಂದೆ. ನನಗೂ ಹಟ ಕಡಿಮೆಯಿಲ್ಲ.

ಉಳಿದಿದ್ದ ಎಲೆಗಳನ್ನು ಒಂದೊಂದಾಗಿ ಮೂಸಿದೆ. ಒಂದೇ ಚೀಲದಲ್ಲಿದ್ದುದರಿಂದ ಎಲ್ಲವೂ ಈರುಳ್ಳಿ ವಾಸನೆಯೇ. ತೊಳೆದು, ಮುರಿದು ಮತ್ತೆ ಮೂಸಿದರೆ ಕೆಲವಕ್ಕೆ ಬರೀ ಹುಲ್ಲಿನ ವಾಸನೆ. ಅವು ಚಪ್ಪಟೆಯಾಗಿ, ಸ್ವಲ್ಪ ನೀಲಿ ಬೆರೆತ ಹಸಿರು ಬಣ್ಣದಲ್ಲಿದ್ದವು. ಫೋಟೋ ತೆಗೆದು ಫೋನನ್ನು ಕೇಳಿದರೆ ಸಲಕ್ಕೊಂದು ಹೆಸರು ಹೇಳಿತು. ಹೂವು ನೋಡದೆ ಬಗೆಹರಿಯುವುದಿಲ್ಲ ಎಂದು ಅತ್ತೆಯನ್ನೇ ಕರೆದುಕೊಂಡು ಹಳ್ಳದ ಕಡೆ ಹೊರಟೆ.

ಎರಡೂ ಗಿಡ ಒಂದರೊಳಗೊಂದು ಸೇರಿಕೊಂಡು ಬೆಳೆದಿದ್ದವು. ಹುಡುಕಿ ಹುಡುಕಿ ಕೊನೆಗೆ ಚಪ್ಪಟೆ ಎಲೆಗಳ ನಡುವೆ ಅರಳಿದ್ದೊಂದು ಸಿಕ್ಕಿತು. ಒಂದೇ ದಂಟಿನ ತುದಿಯಲ್ಲಿ ಬಿಳಿ ಹೂಗಳ ಗೊಂಚಲು, ಪ್ರತಿ ಹೂವಿನ ನಡುವೆ ಪುಟ್ಟ ಹಳದಿ ಬಟ್ಟಲು. ಈಗ ಫೋನೂ ತಡವರಿಸಲಿಲ್ಲ. ಡ್ಯಾಫೊಡಿಲ್ ಜಾತಿಯದು, ನಾರ್ಸಿಸಸ್ ಟಜೆಟಾ. ಎಂದೋ ಯಾರೋ ಚೆಂದಕ್ಕೆಂದು ನೆಟ್ಟಿದ್ದು ಇಲ್ಲಿ ತಾನಾಗಿ ಹಬ್ಬಿತ್ತು. ಗಡ್ಡೆ, ಎಲೆ, ಹೂವು ಎಲ್ಲವೂ ವಿಷ, ಬೇಯಿಸಿದರೂ ಹೋಗುವುದಿಲ್ಲ ಎಂದು ಓದಿ ಹೇಳಿದೆ.

ಅತ್ತೆ ಮನೆಗೆ ಬಂದು ಪಲ್ಯವನ್ನು ತಾವೇ ಕಸಕ್ಕೆ ಸುರಿದರು. ಅವಮಾನವಾಯಿತೇನೋ ಎಂದು ನನಗೆ ಸಂಕಟ. ಅಷ್ಟರಲ್ಲಿ ಫೋನು ಕೈಗೆತ್ತಿಕೊಂಡು ಜೊತೆಯ ಅಜ್ಜಿಯರಿಗೆ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದರು. "ನಾನು ಗುರ್ತು ತಪ್ಪಿ ವಿಷದ ಸೊಪ್ಪು ಕುಯ್ಕಂಬಂದೆ ಕಣಕ್ಕ. ನೀವು ತಂದಿರೋದ್ನೂ ಮೊದ್ಲು ಎಸೀರಿ."

ಅವರಲ್ಲೊಬ್ಬರ ಮನೆಯಲ್ಲಿ ಆಗಲೇ ಎಲ್ಲರಿಗೂ ಬಡಿಸಿಯಾಗಿತ್ತಂತೆ. ಯಾರೂ ಇನ್ನೂ ಬಾಯಿಗಿಟ್ಟಿರಲಿಲ್ಲ.

ಆ ಗಿಡವನ್ನು ಪತ್ತೆಹಚ್ಚಿದ್ದು ನಾನು ಎಂದು ಮನೆಯಲ್ಲಿ ಈಗಲೂ ಹೊಗಳುತ್ತಾರೆ. ಅತ್ತೆಯ ಜಾಗದಲ್ಲಿ ನಾನಿದ್ದಿದ್ದರೆ ಆ ಫೋನು ಮಾಡುತ್ತಿದ್ದೆನೇ? ಗೊತ್ತಿಲ್ಲ.