ಹಕ್ಕಿಗಾಗಿ ಮಾಡಿದ ದೇವಿ

ಹೊಸಪೇಟೆಯಲ್ಲಿ ನಮ್ಮ ಮನೆಯೆದುರು ಒಂದು ಗ್ರಾನೈಟ್ ಅಂಗಡಿ ಇದೆ. ನೀರು ಬಿಟ್ಟುಕೊಂಡು ಕಲ್ಲು ಕೊಯ್ಯತೊಡಗಿದರೆ ಸುಟ್ಟದ್ದೂ ಅಲ್ಲದ, ಮಳೆಯದೂ ಅಲ್ಲದ ಒಂದು ಹಸಿ ವಾಸನೆ ಏಳುತ್ತದೆ. ಕಿಟಕಿ ಮುಚ್ಚಿದರೂ ಬರುತ್ತದೆ. ಆಗ ಮೆಟ್ರಿ ಕಡೆಯ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆ ನೆನಪಾಗುತ್ತದೆ. ಮಣ್ಣಿನ ಮಾಳಿಗೆ, ಮುಂದೆ ಕಾಲುವೆ, ಅದರಾಚೆ ಭತ್ತ, ಹಿತ್ತಲಿನಿಂದಲೇ ಶುರುವಾಗಿ ಒಂದರ ಮೇಲೊಂದು ಹತ್ತಿ ಕುಳಿತ ಬಂಡೆಗಳು. ಈಗ ಅಲ್ಲಿ ಲಾರಿಗಳು ತಿರುಗಿಕೊಳ್ಳುತ್ತವೆ. ತಲೆಬಾಗಿಲು ಯಾವ ದಿಕ್ಕಿಗಿತ್ತು ಎಂಬುದರಲ್ಲಿ ನನಗೂ ತಮ್ಮನಿಗೂ ಇನ್ನೂ ಒಮ್ಮತವಿಲ್ಲ. ನಿಮ್ಮ ಮನೆಯೂ ಹೀಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಇಂಥ ಜಗಳ ಯಾರಿಂದಲೂ ಬಗೆಹರಿಯುವುದಿಲ್ಲ.

ಅಪ್ಪನ ಅಕ್ಕ ಹಂಪಮ್ಮ ನಮ್ಮೊಡನೆಯೇ ಇದ್ದಳು. ಗುಡ್ಡದ ಮೇಲೆ, ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಒಂದು ದೊಣೆಯಿತ್ತು. ಅದರ ಪಕ್ಕದ ದೊಡ್ಡ ಬಂಡೆಯನ್ನು ಸೀಳಿಕೊಂಡು ಬಸರಿ ಗಿಡ ಬೆಳೆದಿತ್ತು. ಅತ್ತೆ ಅಲ್ಲಿಗೆ ಎಮ್ಮೆ ಬಿಡುತ್ತಿರಲಿಲ್ಲ, ನಮಗೆ ಈಜಲೂ ಬಿಡುತ್ತಿರಲಿಲ್ಲ. ನೀರಿಗೆ ಬರುವ ಬೂದುಬಣ್ಣದ ಹಕ್ಕಿಗಳಿಗೆ ಅವಳಿಟ್ಟ ಹೆಸರು ಅರಿಶಿಣ ಗುಬ್ಬಿ. ಕೊರಳು ಅಚ್ಚ ಹಳದಿ. ಅಥವಾ ಈ ಹಳದಿ ನಾನು ಮುಂದೆಂದೋ ಫೋಟೋದಲ್ಲಿ ಕಂಡದ್ದಿರಬಹುದು. ಅವು ಮನುಷ್ಯರ ಸದ್ದಿಗೇ ಪೊದೆ ಸೇರುತ್ತಿದ್ದವು. ದುರ್ಬೀನು ಹಿಡಿದು ಬಂದ ಕಾಲೇಜಿನ ಮೇಷ್ಟ್ರೊಬ್ಬರು ಅದನ್ನು ಹಳದಿ ಕೊರಳಿನ ಪಿಕಳಾರ ಎಂದರು. ಇಂಥ ಕಲ್ಲುಗುಡ್ಡದ ಪೊದೆಗಳಲ್ಲಿ ಬಿಟ್ಟರೆ ಅದಕ್ಕೆ ಬಾಳುವೆಯಿಲ್ಲ, ಗುಡ್ಡ ಒಡೆದಂತೆಲ್ಲ ಹಕ್ಕಿಯೂ ಕಡಿಮೆಯಾಗುತ್ತಿದೆ ಎಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, ಅವರು ಹೋದಮೇಲೆ ಒಬ್ಬಳೇ ದೊಣೆಯ ಕಡೆ ಹತ್ತಿದಳು.

ಮುಂದೆ ಗುಡ್ಡ ಕ್ವಾರಿಗೆ ಹೋಯಿತು. ಮೊದಲ ಸಿಡಿತಕ್ಕೆ ಅಡುಗೆಮನೆಯ ಗಡಿಗೆಗಳು ನಡುಗಿದವು. ಕೊರೆಯುವ ಯಂತ್ರ ದೊಣೆಯತ್ತ ಸರಿದು ಬಂದಾಗ, ಒಂದು ಮಂಗಳವಾರ ಬೆಳಿಗ್ಗೆ ಅತ್ತೆ ಸುಣ್ಣದ ಡಬ್ಬಿಯನ್ನೂ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನೂ ಹೊತ್ತು ಗುಡ್ಡ ಹತ್ತಿದಳು. ದೊಡ್ಡ ಬಂಡೆಗೆ ಎರಡು ಕಣ್ಣು ಬರೆದು ಹಣೆಗೆ ಸಿಂಧೂರ ಮೆತ್ತಿ ಇಳಿದು ಬಂದು, ಕನಸಿನಲ್ಲಿ ತಾಯಿ ಬಂದಿದ್ದಳೆಂದು ಕಾಲುವೆಯ ಬಳಿ ಬಟ್ಟೆ ಒಗೆಯುವವರಿಗೆಲ್ಲ ಹೇಳಿದಳು.

ಅಪ್ಪ ನಕ್ಕ. "ಅಕ್ಕ, ಸುಳ್ಳು ದೇವ್ರು ಮಾಡೀದಿ ನೀ."

"ಕಣ್ಣು ಬರದ್ಮ್ಯಾಲ ಎಲ್ಲಾ ಖರೇನ ಲೇ. ಬಾಯಿ ಮುಚ್ಚು, ನಿನಗೂ ಎರಡು ಕಣ್ಣು ಬರೀತೀನಿ."

ಯಂತ್ರ ನಿಂತಿತು. ಕ್ವಾರಿಯ ಮೇಸ್ತ್ರಿ ಬಂಡೆಯೆದುರು ಚಪ್ಪಲಿ ಬಿಟ್ಟು ಕಾಯಿ ಒಡೆದ. ಅತ್ತೆ ಆ ಬೇಸಿಗೆಯೆಲ್ಲ ಒಬ್ಬಳೇ ನಗುತ್ತಿದ್ದಳು ಎಂದು ನನ್ನ ನೆನಪು. ತಮ್ಮ ಇಲ್ಲವೆನ್ನುತ್ತಾನೆ.

ಆದರೆ ದೇವಿಗೆ ಜನ ಬಂದರು. ಹರಕೆ ಫಲಿಸಿತಂತೆ, ಯಾರದೋ ಮಗುವಿನ ಜ್ವರ ಇಳಿಯಿತಂತೆ. ಕ್ವಾರಿಯವರೇ ಭಕ್ತಿಯಿಂದ ಮೆಟ್ಟಿಲು ಕಡಿಸಿದರು. ಮೆಟ್ಟಿಲಿಗಾಗಿ ಪೊದೆ ಸವರಿದರು. ಮಕ್ಕಳು ಬಿದ್ದಾರೆಂದು ದೊಣೆಗೆ ಚಪ್ಪಡಿ ಹಾಸಿದರು. ಮೈಕು ಬಂತು. ಕೊನೆಗೆ, ಬೇರು ತಾಯಿಯನ್ನು ಸೀಳುತ್ತಿದೆ ಎಂದು ಬಸರಿಗೆ ಕೊಡಲಿ ತಂದರು. ಅತ್ತೆ ಕೂದಲು ಬಿಚ್ಚಿ, ಮೈಮೇಲೆ ದೇವಿ ಬಂದವಳಂತೆ ತೂಗಾಡಿದಳು.

"ನನ್ನ ಗಿಡ ಕಡೀಬ್ಯಾಡ್ರಿ. ನನಗ ನೆಳ್ಳು ಬೇಕು."

ಮೇಸ್ತ್ರಿ ಅಡ್ಡಬಿದ್ದು ಎದ್ದು ಹೇಳಿದ, "ನೆಳ್ಳಿಗೆ ತಗಡು ಹಾಕಸ್ತೀವಿ ಬಿಡು ತಾಯಿ. ಭಾಳ ಗಟ್ಟಿ ತಗಡು."

ಅಷ್ಟು ಹೊತ್ತಿಗೆ ನಿಜ ಹೇಳುವ ದಾರಿ ಅವಳಿಗಿರಲಿಲ್ಲ. ದೇವಿ ಸುಳ್ಳೆಂದರೆ ಯಂತ್ರ ಬರುತ್ತದೆ; ನಿಜವೆಂದರೆ ಕೊಡಲಿ. ಗಿಡ ಹೋಯಿತು. ಹಕ್ಕಿಗಳು ಯಾವಾಗ ಹೋದವು ಎಂದು ಯಾರೂ ನೋಡಲಿಲ್ಲ. ಇರುವಾಗಲೇ ಕಾಣದಂತೆ ಇದ್ದವು ಅವು. ಮನೆಯೂ ಕ್ವಾರಿಯ ಪಾಲಾಗಿ ನಾವು ಹೊಸಪೇಟೆಗೆ ಬಂದಮೇಲೂ ಅತ್ತೆಯ ಕೈಯಿಂದ ಹಣೆಗೆ ಭಂಡಾರದ ಅರಿಶಿಣ ಹಚ್ಚಿಸಿಕೊಳ್ಳಲು ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. "ಆಕಿನ್ನ ಏನೂ ಕೇಳಬ್ಯಾಡ್ರವ್ವ," ಎನ್ನುತ್ತಿದ್ದಳು, "ಆಕಿ ನನ್ನ ಮಾತ ಕೇಳಲಿಲ್ಲ." ಅದನ್ನೂ ಅವರು ಭಕ್ತಿಯ ಮಾತೆಂದೇ ತಿಳಿದು ಕಾಲುಮುಟ್ಟಿ ಹೋಗುತ್ತಿದ್ದರು. ಅವಳು ತೀರಿಕೊಂಡಾಗ ಗುಡಿಯವರು ದೊಡ್ಡ ಹಾರ ತಂದಿದ್ದರು.

ಮೊನ್ನೆ ಕಂಪ್ಲಿಗೆ ಹೋದವನು ದಾರಿಯಲ್ಲಿ ಇಳಿದೆ. ಸುತ್ತ ಗುಡ್ಡವನ್ನೆಲ್ಲ ತೆಗೆದು, ದೇವಿ ಇರುವಷ್ಟನ್ನು ಮಾತ್ರ ಬಿಟ್ಟಿದ್ದಾರೆ. ಕಂಬದಂತೆ ನಿಂತಿದೆ. ನಾನು ಮೆಟ್ಟಿಲು ಹತ್ತಿದೆ. ಗರ್ಭಗುಡಿಯ ಸುತ್ತ ಹಸಿರು ನೈಲಾನ್ ಬಲೆ ಬಿಗಿದಿತ್ತು. ಪೂಜಾರಿ ಎಳೆಯ ವಯಸ್ಸಿನವನು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಹಕ್ಕಿ ಬಂದು ತಾಯಿ ಮ್ಯಾಲ ಹೊಲಸು ಮಾಡ್ತಾವಂತ ಹಾಕಸೇವ್ರಿ," ಎಂದ.

"ಬರ್ತಾವೇನು?"

"ಒಂದೂ ಬರಂಗಿಲ್ರಿ. ಭಾಳ ಸ್ವಚ್ಛ ಐತಿ ನೋಡ್ರಿ."

ನೋಡಿದೆ. ನಿಜವಾಗಿಯೂ ಸ್ವಚ್ಛವಾಗಿತ್ತು. ಚಲೋ ಆತು ಎಂದು ಹೇಳಿ ಇಳಿದು ಬಂದೆ.